ಹನ್ನೊಂದರವರೆಗೆ ಓಡಬೇಕು

"ಹನ್ನೊಂದಕ್ಕೆ ಗಾಡಿ ಬರತ್ತೆ ಕಣೋ. ಅಲ್ಲೀವರೆಗೆ ಹೇಗಾದ್ರೂ ಓಡಿಸಿಬಿಡು, ಸಾಕು," ಎಂದಳು ಅಕ್ಕ.

ಫ್ರಿಜ್ಜಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ಮೆಕ್ಯಾನಿಕ್ ತಲೆ ಎತ್ತಲಿಲ್ಲ. ಕರೆಂಟು ಉಳಿಸಲು ಸರ್ಕಾರ ತಂದ ಯೋಜನೆ ಅವನಿಗೆ ಬಾಯಿಪಾಠವಾಗಿತ್ತು. ಹಳೆಯ ಫ್ರಿಜ್ ಕೊಟ್ಟರೆ ಐದು ಸ್ಟಾರಿನ ಹೊಸದು ಅರ್ಧ ಬೆಲೆಗೆ. ಆದರೆ ಹಳೆಯದು ಓಡುತ್ತಿರಬೇಕು. ಸತ್ತ ಫ್ರಿಜ್ ಕರೆಂಟು ತಿನ್ನುವುದಿಲ್ಲವಲ್ಲ, ಅದಕ್ಕೇಕೆ ರಿಯಾಯಿತಿ? ಹೀಗಾಗಿ ಮೂರು ತಿಂಗಳಿಂದ ಬೀದಿಯವರೆಲ್ಲ ಕೆಟ್ಟ ಫ್ರಿಜ್ಜನ್ನು ಒಂದು ದಿನದ ಮಟ್ಟಿಗೆ ಬದುಕಿಸಿಕೊಡಲು ಅವನನ್ನೇ ಕರೆಯುತ್ತಿದ್ದರು. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದೇನೆಂದು ಗೊತ್ತಿದ್ದೂ ಅವನು ಹೋಗುತ್ತಿದ್ದ. ಅವನು ನೋಡಿಕೊಳ್ಳುತ್ತಿದ್ದ ಫ್ರಿಜ್‌ಗಳಲ್ಲಿ ಉಳಿದಿದ್ದು ಇದೊಂದೇ. ಕೆಲಸ ಕಲಿತದ್ದೂ ಇದರ ಮೇಲೆಯೇ, ಅಕ್ಕನ ಬೈಗುಳ ತಿನ್ನುತ್ತಾ.

ಒಂದು ದಿನಕ್ಕೆಂದು ಕೆಲಸ ಮಾಡುವುದು ಅವನಿಗೆ ಬರದು. ಸೋರುತ್ತಿದ್ದ ಪೈಪಿಗೆ ಬೆಸುಗೆ ಹಾಕಿದ, ಗ್ಯಾಸ್ ತುಂಬಿದ, ಬಾಗಿಲಿನ ರಬ್ಬರನ್ನು ಬಿಸಿನೀರಲ್ಲಿ ಒರೆಸಿ ಕೂರಿಸಿದ. ಹತ್ತೂವರೆಯ ಹೊತ್ತಿಗೆ ಟ್ರೇಯಲ್ಲಿ ಐಸ್ ಕಟ್ಟಿತ್ತು.

"ಅಯ್ಯೋ, ಹೊಸದರ ಹಾಗೆ ಆಯ್ತಲ್ಲೋ!" ಅಕ್ಕನ ಮುಖ ಸಣ್ಣದಾಯಿತು. "ಇನ್ನೂ ಹತ್ತು ವರ್ಷ ಬರ್ತಿತ್ತೇನೋ?"

"ಬರ್ತಿತ್ತು. ಜೊತೆಗೆ ಕರೆಂಟು ಬಿಲ್ಲೂ ಬರ್ತಿತ್ತು."

ಯೋಜನೆ ತಪ್ಪೆಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅದರ ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. ಆ ಲೆಕ್ಕದಲ್ಲಿ ಅವನೊಬ್ಬ ಇರಲಿಲ್ಲ ಅಷ್ಟೇ.

ಯೋಜನೆಯ ಗಾಡಿ ಬಂತು. ತಪಾಸಣೆಯವನು ಒಳಗೆ ಥರ್ಮಾಮೀಟರ್ ಇಟ್ಟು ನೋಡಿ ತಲೆದೂಗಿದ. "ಇಷ್ಟು ಚೆನ್ನಾಗಿರೋದು ಈ ತಿಂಗಳಲ್ಲಿ ಒಂದೂ ಸಿಕ್ಕಿರಲಿಲ್ಲ."

ಆಮೇಲೆ ಗ್ಯಾಸನ್ನು ತನ್ನ ಸಿಲಿಂಡರಿಗೆ ಎಳೆದುಕೊಂಡು, ಇನ್ನು ಯಾರೂ ಬಳಸದಂತೆ ಕಂಪ್ರೆಸರಿಗೆ ಡ್ರಿಲ್ ಹಿಡಿದ. ಅದು ಜಾರಿತು. ಮತ್ತೆ ಹಿಡಿದ. ಕಿರ್ರೆಂದು ಉಜ್ಜಿಕೊಂಡು ಬೆಳಗಿನ ಬೆಸುಗೆಯತ್ತ ಜಾರಿತು. ಮೆಕ್ಯಾನಿಕ್‌ಗೆ ನೋಡಲಾಗಲಿಲ್ಲ.

"ಅಲ್ಲಲ್ಲ ಸಾರ್." ಬಗ್ಗಿ ಬೆರಳಿಟ್ಟು ತೋರಿಸಿದ. "ಇಲ್ಲಿ. ಇಲ್ಲಿ ಮಟ್ಟಸ ಇದೆ, ಜಾರಲ್ಲ."

ಒಂದೇ ಸಲಕ್ಕೆ ತೂತಾಯಿತು. ತಿಳಿಹಳದಿ ಎಣ್ಣೆ ಸಣ್ಣಗೆ ಇಳಿಯಿತು. ಮೆಕ್ಯಾನಿಕ್ ಜೇಬಿನ ಬಟ್ಟೆ ತೆಗೆದು, ಅಭ್ಯಾಸಬಲದಿಂದ, ಅದನ್ನು ಒರೆಸಿದ.

ಹೊಸ ಫ್ರಿಜ್ ಒಳಗೆ ಬಂತು. ಕಂಪನಿಯವರ ಹೊರತು ಬೇರೆ ಯಾರೂ ತೆರೆಯಕೂಡದೆಂದು ಅದರ ಬೆನ್ನಿಗೆ ಚೀಟಿ ಅಂಟಿಸಿತ್ತು. ಅವನು ಅದನ್ನು ಎರಡು ಸಲ ಓದಿದ. ಅಕ್ಕ ನೀರಿನ ಲೋಟಕ್ಕೆ ಹಳೆಯದರಿಂದ ತೆಗೆದಿಟ್ಟಿದ್ದ ಟ್ರೇಯ ಐಸ್ ತುಂಡುಗಳನ್ನು ಹಾಕಿ ತಂದು ಕೊಟ್ಟಳು.

"ತಣ್ಣಗಿದೆ, ಕುಡಿಯೋ."

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಐಸ್ ಪೂರ್ತಿ ಕರಗಿದರೂ ಕುಡಿಯಲಿಲ್ಲ.