ಬಣ್ಣ ಒಣಗುವ ತನಕ

ಬ್ಯಾಂಕಿನ ಮ್ಯಾನೇಜರು ಹೆಂಡತಿಯನ್ನು ನನ್ನ ಬ್ಯೂಟಿ ಪಾರ್ಲರಿಗೆ ತಾನೇ ಕರೆದುಕೊಂಡು ಬಂದಿದ್ದ. ಆಹಾ, ಎಂಥ ಪ್ರೀತಿ! ಆಕೆಯ ಎಡಗೆನ್ನೆ ಊದಿ ನೀಲಿಗಟ್ಟಿತ್ತು. ಇವನ ಅಂಗಿಯಲ್ಲಿ ಮಾತ್ರ ಒಂದು ಸುಕ್ಕಿಲ್ಲ.

"ಬಚ್ಚಲಲ್ಲಿ ಜಾರಿ ಬಿದ್ಲು. ಮಧ್ಯಾಹ್ನ ನನ್ನ ಪ್ರಮೋಷನ್ ಪಾರ್ಟಿ ಇದೆ, ಆಫೀಸಿನೋರೆಲ್ಲ ಬರ್ತಾರೆ. ಈ ಕಲೆ ಒಂಚೂರೂ ಕಾಣಬಾರ್ದು," ಎಂದ. ಗೋಡೆಗೆ ಸುಣ್ಣ ಹೊಡೆಸಲು ಬಂದವನ ಧಾಟಿ.

ಬಚ್ಚಲಲ್ಲಿ ಜಾರಿದವರು ಮೊಣಕೈ ಒಡೆದುಕೊಳ್ಳುತ್ತಾರೆ, ಸೊಂಟ ಮುರಿದುಕೊಳ್ಳುತ್ತಾರೆ. ಕೆನ್ನೆಯ ಮೇಲೆ ಬೆರಳಿನ ಗುರುತು ಮೂಡಿಸುವ ಬಚ್ಚಲನ್ನು ನಾನಂತೂ ಕಂಡಿಲ್ಲ.

"ಒಳಗೆ ಗಂಡಸರನ್ನ ಬಿಡಲ್ಲ ಸಾರ್. ಇಲ್ಲೇ ಕೂತಿರಿ," ಎಂದು ಕುರ್ಚಿ ತೋರಿಸಿ, ಆಕೆಯನ್ನು ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿದೆ.

ಬೀದಿ ಕೊನೆಯ ಮಹಿಳಾ ನೆರವು ಕೇಂದ್ರದವರು ನಮ್ಮಂಥ ಪಾರ್ಲರಿನವರನ್ನೆಲ್ಲ ಕೂರಿಸಿಕೊಂಡು ಹೇಳಿಕೊಟ್ಟಿದ್ದರು: ಗಂಡ ಹಿಂದೆ ಬರಲಾಗದ ಜಾಗ ಇರುವುದು ನಿಮ್ಮಲ್ಲೇ. ಮೆಲ್ಲಗೆ ಕೇಳಿ, ಒತ್ತಾಯ ಬೇಡ, ಹೂಂ ಅಂದರೆ ನಮಗೆ ಫೋನ್ ಮಾಡಿ. ಇದಕ್ಕೆ ಬೀದಿಯ ದೊಡ್ಡ ಮನುಷ್ಯರೆಲ್ಲ ಮೂಗು ಮುರಿದಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವಂತೆ! ಉಣ್ಣುವವನು ಅವನು, ಪೆಟ್ಟು ತಿನ್ನುವವಳು ಅವಳು. ಅಷ್ಟೂ ತಿಳಿಯದ ಮಹಾಶಯರು.

ಹೊರಗೆ ಮಾತು ಕೇಳದಿರಲೆಂದು ಹೇರ್ ಡ್ರೈಯರ್ ಹಾಕಿದೆ. "ಮನೇಲಿ ಭಯ ಇದೆಯೇನಮ್ಮಾ?" ಎಂದೆ.

ಆಕೆ ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ನಾನು ಸುಮ್ಮನೆ ಬಣ್ಣ ಹಚ್ಚತೊಡಗಿದೆ. ಅರ್ಧ ಕೆನ್ನೆ ಮುಚ್ಚಿದ ಮೇಲೆ ಬಾಯಿ ಬಿಟ್ಟಳು.

"ಎಲ್ಲಿಗೆ ಹೋಗ್ಲಿ ಅಕ್ಕಾ? ತವರಿಗೆ ಹೋದ್ರೆ ಸಂಜೆಗೇ ವಾಪಸ್ ಕಳಿಸ್ತಾರೆ. ನಮ್ಮಪ್ಪನಿಗೆ ಅಳಿಯ ಅಂದ್ರೆ ದೇವ್ರು."

"ನೆರವು ಕೇಂದ್ರದಲ್ಲಿ ಇರೋಕೆ ಜಾಗ ಇದೆ. ಡಾಕ್ಟರ್ ಇದಾರೆ, ವಕೀಲರಿದಾರೆ. ಹೋಗೋದು ಬಿಡೋದು ನಿಮ್ಮಿಷ್ಟ. ಇವತ್ತು ಬೇಡ ಅಂದ್ರೆ ಇನ್ನೊಂದಿನ ಬನ್ನಿ."

"ಇನ್ನೊಂದಿನ ಇಲ್ಲಿಗೆ ಬರ್ಬೇಕು ಅಂದ್ರೆ ಇನ್ನೊಂದ್ಸಲ ಏಟು ತಿನ್ಬೇಕಲ್ಲಕ್ಕಾ."

ಆಕೆ ಕೆನ್ನೆ ಮುಟ್ಟಿಕೊಂಡಳು. "ಇದನ್ನ ಒರೆಸಿಬಿಡಿ. ಡಾಕ್ಟರು ನೋಡ್ಲಿ," ಎಂದಳು.

ಖುಷಿಯಿಂದ ಹತ್ತಿ ಕೈಗೆತ್ತಿಕೊಂಡೆ. ಒರೆಸಿ, ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿನ ಕಾರ್ಯಕರ್ತೆ, ನಾವೆಲ್ಲ ದೊಡ್ಡಕ್ಕ ಅನ್ನುವವಳು, ಕಾರು ತಂದು ಹಿತ್ತಿಲ ಬಾಗಿಲಿಗೆ ಬರುತ್ತೇನೆಂದಳು. ಅಲ್ಲಿಯವರೆಗೆ ಇವನು ಹೊರಗೇ ಕೂತಿರಬೇಕಿತ್ತು.

"ಇನ್ನೂ ಎಷ್ಟೊತ್ರೀ?" ಹೊರಗಿನಿಂದ ಗುಟುರು.

ತಲೆ ಮಾತ್ರ ಹೊರಗೆ ಹಾಕಿ, "ಬಣ್ಣ ಒಣಗ್ಬೇಕು ಸಾರ್. ಅವಸರ ಮಾಡಿದ್ರೆ ಕಲೆ ಎದ್ದು ಕಾಣುತ್ತೆ," ಎಂದೆ.

ಮತ್ತೆ ಕುರ್ಚಿಗೆ ಒರಗಿದ. ಪಕ್ಕದಲ್ಲಿ ಮಗಳಿಗಾಗಿ ಕಾಯುತ್ತಿದ್ದ ಮುದುಕರೊಬ್ಬರಿಗೆ, "ಹೆಂಗಸರ ಅಲಂಕಾರ ಅಲ್ವಾ ಸಾರ್, ಮುಗಿಯೋ ಮಾತೇ?" ಎಂದು ಹಲ್ಲು ಕಿರಿದ. ಇವನ ಪಾಲಿಗೆ ಹೆಂಗಸೆಂದರೆ ಕನ್ನಡಿ ಮುಂದೆ ಹೊತ್ತು ಕಳೆಯುವ ಪ್ರಾಣಿ. ಆ ಘನವಾದ ತಿಳುವಳಿಕೆಯೇ ಇವನನ್ನು ಕುರ್ಚಿಗೆ ಅಂಟಿಸಿತ್ತು. ನಾನು ಮತ್ತೆರಡು ಸಲ ತಲೆ ಹೊರಗೆ ಹಾಕಿದೆ, ಎರಡು ಸಲವೂ ನಂಬಿದ. ಅಷ್ಟರಲ್ಲಿ ಆಕೆ ದೊಡ್ಡಕ್ಕನ ಕೈ ಹಿಡಿದು ಹಿತ್ತಿಲಿನಿಂದ ಹೊರಟುಹೋಗಿದ್ದಳು.

ಕ್ಷೇಮವಾಗಿ ತಲುಪಿದೆವೆಂದು ಫೋನ್ ಬಂದ ಮೇಲೆ ಬಾಗಿಲು ತೆರೆದೆ. "ಅವರು ಹೋದ್ರು ಸಾರ್. ಎಲ್ಲಿಗೆ ಅಂತ ಹೇಳೋದಿಲ್ಲ."

ಧಡಕ್ಕನೆ ಎದ್ದ. ಮುಖ ಕೆಂಪಾಯಿತು, ಮುಷ್ಟಿ ಬಿಗಿಯಿತು. ನಾನೂ ಒಂದು ಹೆಜ್ಜೆ ಹಿಂದೆ ಸರಿದೆ, ಸುಳ್ಳೇಕೆ ಹೇಳಲಿ. ಆದರೆ ಮುದುಕರು ನೋಡುತ್ತಿದ್ದರು. ಮುಷ್ಟಿ ತಾನಾಗಿ ಬಿಚ್ಚಿಕೊಂಡು ಕ್ರಾಪು ತೀಡಿತು. ಸಿಟ್ಟು ಬಂದರೆ ತಡೆಯಲಾಗುವುದಿಲ್ಲ ಎನ್ನುವ ಶೂರರಲ್ಲವೇ ಇವರು? ಎದುರಿಗೆ ಇನ್ನೊಬ್ಬ ಗಂಡಸು ಕೂತಿದ್ದರೆ ಎಷ್ಟು ಚೆನ್ನಾಗಿ ತಡೆಯುತ್ತಾರೆ ನೋಡಿ. ಥೂ!

ಆಕೆ ಹೇಗಿದ್ದಾಳೆಂದು ಕೇಳಲಿಲ್ಲ. ಯಾಕೆ ಹೋದಳೆಂದೂ ಕೇಳಲಿಲ್ಲ. ದನಿ ತಗ್ಗಿಸಿ ಕೇಳಿದ್ದು ಒಂದೇ: "ಪಾರ್ಟೀಲಿ ಎಲ್ರೂ ಕೇಳ್ತಾರೆ. ಅವ್ರಿಗೆ ನಾನೇನು ಹೇಳ್ಲಿ?"

"ಇಷ್ಟು ವರ್ಷ ನಿಮ್ಮ ಪರವಾಗಿ ಹೆಂಡ್ತೀನೇ ಸುಳ್ಳು ಹೇಳ್ತಿದ್ರು ಸಾರ್," ಎಂದೆ. "ಇನ್ಮೇಲೆ ನೀವೇ ಹೇಳ್ಕೊಳ್ಳಿ."