ತೊಟ್ಟಿ ತೊಳೆದ ಮೇಲೆ

ಹೆಲ್ಲೆವಿ ಒಲೆಯಿಂದ ತೆಗೆದ, ರೈ ಧಾನ್ಯದ ದಪ್ಪ ರೊಟ್ಟಿಯನ್ನು ಮಗುಚಿ, ಅದರ ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಹದವಾಗಿ ಬೆಂದ ರೊಟ್ಟಿ ಟೊಳ್ಳು ಮರದಂತೆ ದನಿಗೊಡಬೇಕು. ಇದು ಇಟ್ಟಿಗೆಯ ಹಾಗೆ ಟಕ್ಕೆಂದಿತು. ಇನ್ನೊಂದನ್ನು ತಟ್ಟಿದಳು. ಅದೂ ಅಷ್ಟೆ. ಸೋಮವಾರದಿಂದ ಹೀಗೇ.

ಭಾನುವಾರ ಬೇಕರಿಯ ಹೊಸ ಮ್ಯಾನೇಜರ್ ಕೌಕೊ, ತಪಾಸಣೆಯವರು ಬರುತ್ತಾರೆಂದು ಹಿಟ್ಟು ಕಲಸುವ ಮರದ ತೊಟ್ಟಿಗೆ ಕುದಿನೀರು ಸುರಿಸಿ, ಸೋಪು ಹಾಕಿ ಉಜ್ಜಿಸಿದ್ದ. ಆ ತೊಟ್ಟಿಯನ್ನು ತೊಳೆಯುವ ಪದ್ಧತಿಯೇ ಇರಲಿಲ್ಲ. ಹಲಗೆಯ ಸಂದಿನಲ್ಲಿ ಒಣಗಿ ಉಳಿದ ಹುಳಿಹಿಟ್ಟೇ ಮರುದಿನದ ಹಿಟ್ಟನ್ನು ಉಬ್ಬಿಸುವ ಹೆಪ್ಪು. ಹಳೆಯ ಯಜಮಾನಿ ಸಾಯುವ ಮುಂಚೆ ತೊಟ್ಟಿ ಒಪ್ಪಿಸುತ್ತಾ ಹೇಳಿದ್ದು ಒಂದೇ ಮಾತು: "ಕೆರೆದ್ರೆ ಸಾಕು, ತೊಳೀಬೇಡ." ಇಪ್ಪತ್ತೆರಡು ವರ್ಷ ಹೆಲ್ಲೆವಿ ತೊಳೆದಿರಲಿಲ್ಲ.

"ಹೆಲ್ಲೆವಿ, ಸ್ವಲ್ಪ ಅಂಗಡಿ ಕಡೆ ಬನ್ನಿ," ಎಂದು ಕೌಕೊ ಕರೆದ.

ಶನಿವಾರ. ಸಂಜೆಯ ಸೌನಾ ಹಬೆಸ್ನಾನಕ್ಕೆ ಮುಂಚೆ ರೊಟ್ಟಿ ಒಯ್ಯಲು ಬಂದ ಹೆಂಗಸರು ಬೂಟಿನ ಹಿಮ ಕೊಡವುತ್ತಾ ಸಾಲುಗಟ್ಟಿ ನಿಂತಿದ್ದರು.

"ಈ ವಾರದ ರೊಟ್ಟಿಗೆ ಕ್ಷಮೆ ಕೇಳ್ತೀನಿ," ಎಂದ ಕೌಕೊ, ಎಲ್ಲರಿಗೂ ಕೇಳುವಂತೆ. "ತಪ್ಪು ಇವರದು. ವಯಸ್ಸಾಯ್ತು, ಗಮನ ಇಲ್ಲ. ಇವತ್ತಿಂದ ಇವರು ಇಲ್ಲಿ ಕೆಲಸಕ್ಕಿಲ್ಲ."

ಹೆಲ್ಲೆವಿಯ ಕಿವಿ ಬಿಸಿಯಾಯಿತು. ಕೆಲಸ ಹೋದರೆ ಹೋಯಿತು. ತನ್ನ ಕೈಗೇ ಕೆಟ್ಟ ಹೆಸರು ಬಂದರೆ ಮುಂದೆ ಯಾರ ಒಲೆಯ ಮುಂದೆ ನಿಲ್ಲುವುದು? ಅವಳು ಏಪ್ರನ್ ಬಿಚ್ಚಿದಳು. ಅಂಚಿಗೆ ಅಂಚು ಕೂಡಿಸಿ, ಅವಸರವಿಲ್ಲದೆ ಮಡಚಿ ಕಟ್ಟೆಯ ಮೇಲಿಟ್ಟಳು.

"ಹೋಗ್ತೀನಿ. ತೊಟ್ಟಿಗೆ ಏನು ಮಾಡಿಸಿದ್ರಿ ಅಂತ ಮಾತ್ರ ಇವರಿಗೆ ನೀವೇ ಹೇಳಿ."

"ಏನು ಮಾಡಿಸಿದೆ? ತೊಳೆಸಿದೆ. ನಲವತ್ತು ವರ್ಷದ ಕೊಳೆ ಇತ್ತು."

ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ಮುಂದೆ ನಿಂತಿದ್ದ ಮುದುಕಿ ಲೆಂಪಿ ಊರುಗೋಲಿನ ಮೇಲೆ ಬಾಗಿದಳು.

"ಸೋಪು ಹಾಕಿ?"

"ಮತ್ತೆ?"

"ನಿಮ್ಮಮ್ಮ ಮನೇಲಿ ಒಂದು ದಿನವೂ ರೊಟ್ಟಿ ಸುಟ್ಟಿರಲಿಲ್ವೇನಪ್ಪಾ?"

ನಗು ಸಾಲಿನುದ್ದಕ್ಕೂ ಬಾಗಿಲವರೆಗೆ ಹೋಯಿತು. ಲೆಂಪಿ ನಗಲಿಲ್ಲ. ಹೆಲ್ಲೆವಿಯ ಕಡೆ ತಿರುಗಿದಳು. "ನನ್ನ ಮಗಳ ಮದುವೇಲಿ ನೀನು ಕೊಟ್ಟ ಹೆಪ್ಪು ನಮ್ಮನೇಲಿ ಇನ್ನೂ ಜೀವಂತ ಇದೆ ಕಣೇ."

"ನಮ್ಮಲ್ಲೂ ಇದೆ," ಎಂದಿತು ಹಿಂದಿನಿಂದ ಒಂದು ದನಿ.

"ನಮ್ಮಲ್ಲೂ. ಬೇಸಿಗೇಲಿ ನಮ್ಮತ್ತಿಗೆಗೂ ಕೊಟ್ಟೆ."

ಕೌಕೊನ ಮುಖಕ್ಕೆ ಜೀವ ಬಂತು. "ಹಾಗಾದ್ರೆ ಇಲ್ಲಿಗೂ ಸ್ವಲ್ಪ..."

"ಹೆಪ್ಪು ಕೇಳಿದವರಿಗೆ ಇಲ್ಲ ಅನ್ನಬಾರದು," ಎಂದಳು ಲೆಂಪಿ. "ಆದ್ರೆ ಅದು ಅವಳದು. ಅವಳನ್ನ ಕೇಳು."

ಅಂಗಡಿಯಲ್ಲಿದ್ದವರೆಲ್ಲ ಅವನತ್ತ ನೋಡಿದರು. ಕೌಕೊ ಕೊರಳಪಟ್ಟಿ ಸಡಿಲಿಸಿಕೊಂಡ. "ಹೆಲ್ಲೆವಿಯವರೇ... ಕೊಡ್ತೀರಾ?"

"ತಗೊಳ್ಳಿ," ಎಂದಳು ಹೆಲ್ಲೆವಿ. "ತೊಳೀಬೇಡಿ, ಅಷ್ಟೆ."

ಅವಳು ಹೊರಟಾಗ ಲೆಂಪಿಯೂ ಹೊರಟಳು. ಅವಳ ಹಿಂದೆ ಸಾಲೂ ಕರಗಿತು. ಕಟ್ಟೆಯ ಮೇಲಿನ ರೊಟ್ಟಿಗಳು ಇದ್ದಲ್ಲೇ ಇದ್ದವು.

ಸರೋವರದಾಚೆಯ ಹಳ್ಳಿಯ ಸಹಕಾರಿ ಅಂಗಡಿಯವರು ತಮ್ಮ ಖಾಲಿ ಒಲೆಗೆ ಅವಳನ್ನು ಕರೆದು ಮೂರು ವರ್ಷವಾಗಿತ್ತು. ಪ್ರತಿ ಚಳಿಗಾಲವೂ ನೆನಪಿಸುತ್ತಿದ್ದರು. ಬರುತ್ತೇನೆಂದು ಬರೆದ ಉತ್ತರ ಮೇಜಿನ ಡ್ರಾಯರಿನಲ್ಲೇ ಉಳಿದಿತ್ತು. ತೊಟ್ಟಿಯನ್ನು ಬಿಟ್ಟುಹೋಗಲು ಅವಳಿಗೆ ಮನಸ್ಸಾಗಿರಲಿಲ್ಲ. ಮನೆ ತಲುಪಿ, ಕೋಟು ಬಿಚ್ಚದೆಯೇ ಹಳೆಯ ತಾರೀಕು ಹೊಡೆದುಹಾಕಿ ಇವತ್ತಿನದು ಬರೆದಳು. ಉಳಿದುದನ್ನು ತಿದ್ದಬೇಕಾಗಿರಲಿಲ್ಲ.

ಬೀದಿಯ ತಿರುವಿನ ಅಂಚೆಡಬ್ಬದ ಮುಚ್ಚಳ ಹಿಮಕ್ಕೆ ಬಿಗಿದಿತ್ತು. ಅವಳು ಅಂಗೈಯಿಂದ ಎರಡು ಸಲ ಗುದ್ದಿ ಎತ್ತಿ, ಕಾಗದವನ್ನು ಒಳಗೆ ಬಿಟ್ಟಳು. ಡಬ್ಬದ ನೆತ್ತಿಯ ಮೇಲಿದ್ದ ಹಿಮ ಒಂದೇ ತುಂಡಾಗಿ ಜಾರಿ ನೆಲಕ್ಕೆ ಬಿತ್ತು.