ಜೋರಾಗಿ ಹೇಳ್ರಿ

ಶರಣಬಸಮ್ಮ ಚಹಾದ ಬಟ್ಟಲನ್ನು ಹೊರಸಿನ ಪಕ್ಕದಲ್ಲಿ ಕುಕ್ಕಿದಳು.

"ಏಳ್ರಿ, ಆರಾಕತ್ತದ."

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಗಂಡ ಕಲ್ಯಾಣಪ್ಪ ಉತ್ತರಿಸಲಿಲ್ಲ. ವರ್ಷದಿಂದ ಅವನ ರೀತಿಯೇ ಹಾಗಾಗಿತ್ತು. ಅವಳು ಮೂಗು ಮುರಿದು ಒಳಗೆ ಹೋಗಿ ರೊಟ್ಟಿ ಬಡಿದಳು. ತಿರುಗಿ ಬಂದಾಗ ಚಹಾದ ಮೇಲೆ ಕೆನೆ ಕಟ್ಟಿತ್ತು. ಭುಜ ಹಿಡಿದು ಅಲುಗಿಸಿದಳು. ಮೈ ತಣ್ಣಗಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ವಾಡಿ ಊರಿನ ಆ ಸಣ್ಣ ಮನೆ ಜನರಿಂದ ತುಂಬಿತು. ವಿಭೂತಿ ಹಚ್ಚಿದ ದೇಹವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು.

"ಉಗಾದಿಗಿ ರಿಟೈರ್ ಆಗಾವ ಇದ್ದ," ಎಂದ ಸಿಮೆಂಟ್ ಕಾರ್ಖಾನೆಯಲ್ಲಿ ಅವನ ಜೊತೆ ದುಡಿಯುತ್ತಿದ್ದ ದತ್ತು. "ಕರದ್ರ ಹೊಳ್ಳಿ ನೋಡ್ತಿದ್ದಿಲ್ಲ. ಸಾಹೇಬ ಆಗ್ಯಾನ ಅಂತ ಚಾಷ್ಟಿ ಮಾಡ್ತಿದ್ವಿ."

"ನಮಗೂ ಹಂಗೇ," ಎಂದಳು ನೆರೆಮನೆಯ ನಾಗರತ್ನಾ. "ಭಾಳ ಸೊಕ್ಕು ಬಂದಿತ್ತು ಬಿಡ್ರಿ."

ಶರಣಬಸಮ್ಮ ತಲೆ ತಗ್ಗಿಸಿದಳು.

*

ಶ್ರಾವಣದ ಒಂದು ಸಂಜೆ ಊಟಕ್ಕೆ ಬಡಿಸುತ್ತ ಅವಳು ಕೇಳಿದ್ದಳು: "ನಂದೇನ್ ತಪ್ಪಾಗ್ಯದ? ನಾ ಸತ್ರೂ ಮಾತಾಡಂಗಿಲ್ಲೇನ್ರಿ?"

ಕಲ್ಯಾಣಪ್ಪ ನಕ್ಕು, ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಸಾಕು, ಇನ್ನ ಬ್ಯಾಡ," ಎಂದಿದ್ದ.

ಅಂದಿನಿಂದ ಅವಳೂ ಅಗತ್ಯಕ್ಕೆ ತಕ್ಕಷ್ಟೇ ಮಾತಾಡಿದಳು.

*

"ಸಿಟ್ಟಿನ್ಯಾಗೇ ಹೋದ್ರೇನಣ್ಣಾ?" ಎಂದು ಅವಳು ಹಾಜಿಸಾಬನನ್ನು ಕೇಳಿದಳು. ಅವನೂ ಕಲ್ಯಾಣಪ್ಪನೂ ಸಿಮೆಂಟ್ ಅರೆಯುವ ಮಿಲ್ಲಿನಲ್ಲಿ ಜೊತೆಗೇ ಕೂದಲು ಬೆಳ್ಳಗಾಗಿಸಿಕೊಂಡವರು.

ಹಾಜಿಸಾಬ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಸಿಟ್ಟಲ್ಲ ಭಾಬಿ. ಕಿವಿ ಹೋಗಿದ್ವು. ಮಿಲ್ಲಿನ ಸಪ್ಪಳಕ್ಕ ಎರಡೂ ಹೋದ್ವು. ಸೈರನ್ ಆದ್ರ ನಾ ಭುಜ ಮುಟ್ಟತಿದ್ದೆ, ಆಗ ಏಳ್ತಿದ್ದ."

"ನನಗ್ಯಾಕ ಹೇಳಲಿಲ್ಲ?"

"ಗೊತ್ತಾದ್ರ ಅನ್‌ಫಿಟ್ ಅಂತ ಹೊರಗ ಹಾಕ್ತಾರಂತ ಅಂಜಿಕಿ. ನಿದ್ದಿ ಬಿಟ್ಟಿದ್ದ. ಮಷೀನ್ ಹಿಂದ ಕುಂತು ಅಳ್ತಿದ್ದ. 'ಆಕಿಗಿ ಹೇಳಿದ್ರ ನಾಳಿನೇ ಕೆಲಸ ಬಿಡಸ್ತಾಳ' ಅಂತ ನನ್ನ ಕಡಿಂದ ಆಣಿ ಹಾಕಿಸ್ಕೊಂಡಿದ್ದ."

ದತ್ತು ಎದ್ದು ಹೊರಗೆ ಹೋದ. ನಾಗರತ್ನಾ ಸೆರಗು ಬಾಯಿಗೆ ಒತ್ತಿಕೊಂಡಳು.

ಅಂತ್ಯಕ್ರಿಯೆ ಮಾಡಿಸಲು ನಾಲವಾರದಿಂದ ರೈಲಿನಲ್ಲಿ ಬಂದಿದ್ದ ಅಯ್ಯನವರು ದೇಹದ ಬಳಿ ಬಾಗಿ, ಬಲಗಿವಿಯಲ್ಲಿ ಮೆಲ್ಲಗೆ ಪಂಚಾಕ್ಷರಿ ಉಸುರತೊಡಗಿದರು.

"ಅಯ್ನೋರೆ," ಶರಣಬಸಮ್ಮ ಎದ್ದು ನಿಂತಳು, "ಜೋರಾಗಿ ಹೇಳ್ರಿ. ಇವರಿಗಿ ಕೇಳಸಂಗಿಲ್ಲ."

ಅಯ್ಯನವರು ಅವಳ ಮುಖ ನೋಡಿದರು. ಆಮೇಲೆ ದನಿ ಎತ್ತಿ ಹೇಳಿದರು. ಮಿಲ್ಲಿನ ಸಪ್ಪಳವನ್ನು ಮೀರಿ ಕೂಗಿಯೇ ರೂಢಿಯಾದ ಕೆಲಸಗಾರರೂ ದನಿ ಕೂಡಿಸಿದರು. ಹಾಜಿಸಾಬ ಮುಂದೆ ಬಂದು ಗೆಳೆಯನ ಭುಜ ಮುಟ್ಟಿದ.

ಶರಣಬಸಮ್ಮ ಗಂಡನ ಕಿವಿಗೆ ಬಾಯಿ ಹಚ್ಚಿ, ಓಣಿಯ ತುದಿಗೂ ಕೇಳುವಂತೆ ಕೂಗಿದಳು:

"ಶಿವನೇ, ಗದ್ದಲ ಇಲ್ಲದ ಜಾಗದಾಗ ಇಡಪ್ಪಾ ಇವರ್ನ!"